ಅಲಂಕಾರದ ಕೈಗೆ ಕಟ್ಟಳೆ

ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣವು ಇಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ತೂಗಾಡುತ್ತಿರುತ್ತದೆ. ಅಗ್ಗದ ಬೆಲೆಗೆ ದೊರೆಯುವ ಆ ಪೊಟ್ಟಣದ ಹಿಂಬದಿಯಲ್ಲಿ, ಇರುವೆಸಾಲಿನಂತಹ ಚಿಕ್ಕ ಅಕ್ಷರಗಳಲ್ಲಿ, ಒಂದು ಎಚ್ಚರಿಕೆಯ ಮಾತು ಅಚ್ಚಾಗಿರುತ್ತದೆ. ಈ ಬಣ್ಣದಲ್ಲಿರುವ ಪದಾರ್ಥಗಳು ಕೆಲವರ ಚರ್ಮಕ್ಕೆ ಒಗ್ಗದಿರಬಹುದು. ಆದುದರಿಂದ ಮೊದಲು ತುಸು ಹಚ್ಚಿ ಪರೀಕ್ಷಿಸಬೇಕು. ಹುಬ್ಬಿಗಾಗಲಿ ರೆಪ್ಪೆಗೂದಲಿಗಾಗಲಿ ಇದನ್ನು ಎಂದಿಗೂ ಹಚ್ಚಕೂಡದು, ಹಚ್ಚಿದರೆ ಕಣ್ಣು ಕುರುಡಾಗಬಹುದು ಎಂಬುದು ಅದರ ತಾತ್ಪರ್ಯ. ಹಬ್ಬದ ಹಿಂದಿನ ದಿನ ಅವಸರದಿಂದ ಪೊಟ್ಟಣವನ್ನು ಹರಿಯುವವರಲ್ಲಿ ಅದನ್ನು ಓದುವವರು ಎಷ್ಟು ಮಂದಿ? ಓದಿದವರಿಗೂ ತಲೆಗೂದಲ ಬಣ್ಣಕ್ಕೂ ಕುರುಡುತನಕ್ಕೂ ಎತ್ತಣ ಸಂಬಂಧವೆಂಬ ಸೋಜಿಗವು ಉಂಟಾಗದಿರದು. ಆ ಒಂದು ಸಾಲು ಅಲ್ಲಿಗೆ ಬಂದು ಸೇರಲು ಕೆಲವರು ತಮ್ಮ ಕಣ್ಣುಗಳನ್ನೇ ತೆರಬೇಕಾಯಿತು.

ಆ ಕಥೆ ನಡೆದದ್ದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. 1933ರ ಸುಮಾರಿಗೆ ಅಲ್ಲಿ ‘ಲ್ಯಾಷ್ ಲ್ಯೂರ್’ ಎಂಬ ಹೆಸರಿನ ಬಣ್ಣವೊಂದು ಮಾರಾಟಕ್ಕೆ ಬಂದಿತು. ಹುಬ್ಬು ಮತ್ತು ರೆಪ್ಪೆಗೂದಲುಗಳನ್ನು ಬಹುಕಾಲ ಕಪ್ಪಾಗಿಡುವುದೆಂದು ಅದನ್ನು ಹೊಗಳಿ ಮಾರುತ್ತಿದ್ದರು. ಅದರೊಳಗೆ ಇದ್ದುದು ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ರಾಸಾಯನಿಕ. ಸೌಂದರ್ಯಗೃಹಗಳಲ್ಲಿ ಕೆಲಸಮಾಡುವವರು ಅದನ್ನು ನಂಬಿ ತಮ್ಮಲ್ಲಿಗೆ ಬಂದ ಹೆಂಗಸರ ರೆಪ್ಪೆಗಳಿಗೆ ಹಚ್ಚಿದರು. ಕೆಲವರ ಕಣ್ಣು ಉರಿಯತೊಡಗಿತು. ರೆಪ್ಪೆಗಳು ಊದಿ ಹುಣ್ಣಾದುವು. ಶಾಲೆಯ ಪಾಲಕರ ಸಂಘದ ಸತ್ಕಾರಕೂಟಕ್ಕೆ ಹೊರಟಿದ್ದ ಒಬ್ಬ ಮಹಿಳೆಯು ಅಲಂಕಾರಕ್ಕೆಂದು ಹೋಗಿ ಎರಡೂ ಕಣ್ಣುಗಳನ್ನು ಕಳೆದುಕೊಂಡಳು. ಸೋಂಕು ತಗಲಿ ಒಬ್ಬಾಕೆಯ ಪ್ರಾಣವೇ ಹೋಯಿತು.

ಇಷ್ಟಾದರೂ ಸರಕಾರವು ಆ ಬಣ್ಣವನ್ನು ತಡೆಯಲಾಗಲಿಲ್ಲ. ಅಂದಿನ ಅಮೆರಿಕದಲ್ಲಿ ಜಾರಿಯಲ್ಲಿದ್ದುದು 1906ರ ಶುದ್ಧ ಆಹಾರ ಮತ್ತು ಔಷಧ ಕಾನೂನು. ಅದರಲ್ಲಿ ಪ್ರಸಾಧನ ಸಾಮಗ್ರಿಗಳ ಪ್ರಸ್ತಾಪವೇ ಇರಲಿಲ್ಲ. ಉಪ್ಪಿನಕಾಯಿಯಲ್ಲಿ ಕಲಬೆರಕೆಯಾದರೆ ಅಧಿಕಾರಿಯು ಅದನ್ನು ವಶಪಡಿಸಿಕೊಳ್ಳಬಹುದಾಗಿತ್ತು. ಕಣ್ಣು ಕೀಳುವ ಬಣ್ಣದ ಮುಂದೆ ಅವನು ಕೈಕಟ್ಟಿ ನಿಲ್ಲಬೇಕಾಗಿತ್ತು. ಅದೇ ಕಾಲದಲ್ಲಿ ಇಲಿಪಾಷಾಣವಾದ ಥ್ಯಾಲಿಯಮ್ಮನ್ನು ಬೆರೆಸಿದ, ಬೇಡದ ಕೂದಲನ್ನು ಉದುರಿಸುವ ಲೇಪವೂ ಮಾರುಕಟ್ಟೆಯಲ್ಲಿತ್ತು. ಬೇರೆ ದಾರಿ ಕಾಣದೆ ಅಧಿಕಾರಿಗಳು ಇಂತಹ ವಸ್ತುಗಳನ್ನೂ ಅವುಗಳಿಂದ ಕೆಟ್ಟ ಮುಖಗಳ ಛಾಯಾಚಿತ್ರಗಳನ್ನೂ ಒಟ್ಟುಗೂಡಿಸಿ ಪ್ರದರ್ಶನವೊಂದನ್ನು ಏರ್ಪಡಿಸಿದರು. ಪತ್ರಕರ್ತರು ಅದನ್ನು ‘ಭೀಕರತೆಯ ಕೋಣೆ’ ಎಂದು ಕರೆದರು. ಆದರೂ ಶಾಸನಸಭೆಯಲ್ಲಿ ವಾದವಿವಾದಗಳು ಐದು ವರ್ಷ ಎಳೆದುವು. 1937ರಲ್ಲಿ ವಿಷಪೂರಿತ ಔಷಧವೊಂದನ್ನು ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತ ಮೇಲೆ, 1938ರಲ್ಲಿ, ಆಹಾರ, ಔಷಧ ಮತ್ತು ಪ್ರಸಾಧನಗಳನ್ನು ಒಟ್ಟಿಗೆ ನಿಯಂತ್ರಿಸುವ ಹೊಸ ಕಾನೂನು ಹುಟ್ಟಿತು. ಅದರಡಿ ಮೊದಮೊದಲು ಮುಟ್ಟುಗೋಲಿಗೆ ಒಳಗಾದ ಸರಕುಗಳಲ್ಲಿ ಆ ರೆಪ್ಪೆಬಣ್ಣವೂ ಒಂದು.

ಆದರೆ ತಲೆಗೂದಲ ಬಣ್ಣವನ್ನು ತಯಾರಿಸುವವರು ಸುಮ್ಮನಿರಲಿಲ್ಲ. ಪ್ಯಾರಾಫಿನೈಲೀನ್ ಡೈಅಮೀನಿನಂತಹ, ಕಲ್ಲಿದ್ದಲಿನ ಡಾಂಬರಿನಿಂದ ಬಂದ ರಾಸಾಯನಿಕಗಳಿಲ್ಲದೆ ಕೂದಲಿಗೆ ಗಟ್ಟಿಯಾದ ಕಪ್ಪು ಏರದೆಂದು ವಾದಿಸಿದರು. ಕಡೆಗೆ ಒಂದು ಒಪ್ಪಂದವಾಯಿತು. ಪೊಟ್ಟಣದ ಮೇಲೆ ಎಚ್ಚರಿಕೆಯನ್ನೂ ಪರೀಕ್ಷೆಯ ಕ್ರಮವನ್ನೂ ಅಚ್ಚುಮಾಡಿದರೆ ತಲೆಗೂದಲಿಗೆ ಅದನ್ನು ಮಾರಬಹುದು. ಹುಬ್ಬಿಗೂ ರೆಪ್ಪೆಗೂ ಮಾತ್ರ ಕೂಡದು. ಭಾರತದಲ್ಲಿ 1940ರ ಔಷಧ ಕಾನೂನಿಗೆ 1962ರಲ್ಲಿ ತಿದ್ದುಪಡಿಯಾಗಿ ಪ್ರಸಾಧನ ಸಾಮಗ್ರಿಗಳು ಅದರ ವ್ಯಾಪ್ತಿಗೆ ಸೇರಿದುವು. ಅದರಡಿಯ ನಿಯಮಗಳಲ್ಲಿ ಬಹುಮಟ್ಟಿಗೆ ಅದೇ ಅರ್ಥದ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಗಳಲ್ಲಿಯೂ ಅಚ್ಚುಮಾಡಬೇಕೆಂದು ವಿಧಿಸಲಾಯಿತು. ಅಮೆರಿಕದ ಹೆಂಗಸರ ನೋವು ಹೀಗೆ ಕನ್ನಡ ನಾಡಿನ ಅಂಗಡಿಯ ಪೊಟ್ಟಣದವರೆಗೆ ನಡೆದುಬಂದಿತು.

ಪರೀಕ್ಷೆ ಏಕೆ ಬೇಕೆಂಬುದನ್ನು ತುಸು ವಿವರಿಸಬೇಕು. ಆಮ್ಲವು ಯಾರ ಚರ್ಮವನ್ನಾದರೂ ಸುಡುತ್ತದೆ. ಈ ಬಣ್ಣದ ಸ್ವಭಾವ ಹಾಗಲ್ಲ. ಒಂಬತ್ತು ಮಂದಿಗೆ ಅದು ಏನೂ ಮಾಡದೆ ಹತ್ತನೆಯವನಿಗೆ ಒಗ್ಗದಿರಬಹುದು. ಹತ್ತನೆಯವನಿಗೂ ಮೊದಲ ಸಲ ಏನೂ ಆಗದೆ, ಐದನೆಯ ಸಲವೋ ಹದಿನೈದನೆಯ ಸಲವೋ ಮುಖ ಊದಿಕೊಳ್ಳಬಹುದು. ಶರೀರದ ರಕ್ಷಣಾ ವ್ಯವಸ್ಥೆಯು ಆ ರಾಸಾಯನಿಕವನ್ನು ಶತ್ರುವೆಂದು ಒಮ್ಮೆ ಗುರುತಿಸಿತೆಂದರೆ ಸಾಮಾನ್ಯವಾಗಿ ಆ ನೆನಪನ್ನು ಬದುಕಿರುವವರೆಗೂ ಬಿಡುವುದಿಲ್ಲ. ಆದುದರಿಂದಲೇ ಕಿವಿಯ ಹಿಂದೆಯೋ ಮುಂಗೈಯ ಒಳಭಾಗದಲ್ಲಿಯೋ ತುಸು ಬಣ್ಣ ತಾಗಿಸಿ 24 ಗಂಟೆ ಕಾಯಬೇಕು; ಅದನ್ನು ಪ್ರತಿ ಸಲವೂ ಮಾಡಬೇಕು. ‘ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ’ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ. ಜಾತ್ರೆಗಳಲ್ಲಿ ಕೈಗೆ ಬಿಡಿಸುವ ‘ಕಪ್ಪು ಮೆಹೆಂದಿ’ಯಲ್ಲಿಯೂ ಇದೇ ರಾಸಾಯನಿಕವು ಬೆರೆತಿರುವುದುಂಟು. ಅರೆದ ಮದರಂಗಿ ಸೊಪ್ಪಿನ ಸಹಜ ಬಣ್ಣ ಕೆಂಪು. ಹಚ್ಚಿದ ಸ್ವಲ್ಪ ಹೊತ್ತಿಗೇ ಕಾಡಿಗೆಯಂತೆ ಕಪ್ಪಾದರೆ ಅದು ಬರಿಯ ಮದರಂಗಿಯಲ್ಲವೆಂದು ತಿಳಿಯಬೇಕು.

ಸಾಮಗ್ರಿಯನ್ನು ಕುರಿತ ಕಟ್ಟಳೆಗಳು ಈಗ ಭಾರತದಲ್ಲಿ ಸಾಕಷ್ಟಿವೆ. ಬಣ್ಣಕ್ಕಾಗಿ ಸೀಸ ಅಥವಾ ಪಾಷಾಣದ ಸಂಯುಕ್ತಗಳನ್ನು ಬೆರೆಸಿದ ಪ್ರಸಾಧನಗಳಿಗೆ ನಿಷೇಧವಿದೆ. 2020ರ ಪ್ರಸಾಧನ ನಿಯಮಗಳ ಪ್ರಕಾರ, ಕಣ್ಣಿನ ಸುತ್ತ ಬಳಸುವ ವಸ್ತುಗಳನ್ನು ಬಿಟ್ಟರೆ ಉಳಿದ ಸಿದ್ಧ ವಸ್ತುಗಳಲ್ಲಿ ಪಾದರಸವು ಅಕಸ್ಮಾತ್ತಾಗಿ ಸೇರಿದ್ದರೂ ದಶಲಕ್ಷಕ್ಕೆ ಒಂದು ಭಾಗವನ್ನು ಮೀರಕೂಡದು. ಆದರೆ ಕಾನೂನಿನ ಪುಸ್ತಕದಲ್ಲಿರುವುದು ಅಂಗಡಿಯ ಮೇಜಿನ ಮೇಲೆ ಇರಬೇಕಲ್ಲ! 2021ರಿಂದ 2023ರ ನಡುವೆ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಮೂತ್ರಪಿಂಡದ ಒಂದು ಅಪರೂಪದ ರೋಗವನ್ನು ಮೇಲಿಂದ ಮೇಲೆ ಕಂಡರು. ಆ ರೋಗದ ಒಂದು ವಿಶಿಷ್ಟ ಬಗೆಗೆ ಸೇರಿದ 15 ಮಂದಿಯನ್ನು ವಿಚಾರಿಸಿದಾಗ 13 ಮಂದಿ ಮುಖವನ್ನು ಬೆಳ್ಳಗಾಗಿಸುವ ಲೇಪಗಳನ್ನು ಹಚ್ಚುತ್ತಿದ್ದುದು ತಿಳಿದುಬಂದಿತು. ಪಾದರಸವು ಚರ್ಮಕ್ಕೆ ಕಪ್ಪು ಕೊಡುವ ವರ್ಣದ್ರವ್ಯದ ಉತ್ಪತ್ತಿಯನ್ನು ತಡೆಯುತ್ತದೆ. ಆದುದರಿಂದ ಕೆಲವು ವಾರಗಳಲ್ಲಿ ಮುಖ ಬೆಳ್ಳಗಾದಂತೆ ತೋರುತ್ತದೆ. ಆದರೆ ಹಚ್ಚಿದ ಪಾದರಸವು ಚರ್ಮದಲ್ಲಿಯೇ ನಿಲ್ಲದೆ ರಕ್ತಕ್ಕೆ ಇಳಿದು ಮೂತ್ರಪಿಂಡವನ್ನು ಸೇರುತ್ತದೆ. ಕಪ್ಪು ಬಣ್ಣವನ್ನು ಒಂದು ಕುಂದೆಂದು ಬಗೆಯುವ ಸಮಾಜದ ದಡ್ಡತನಕ್ಕೆ ಇಲ್ಲಿ ಶರೀರವು ದಂಡ ತೆತ್ತಿತು. ಕೇರಳದ ಔಷಧ ನಿಯಂತ್ರಣ ಇಲಾಖೆಯು 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಿಂದ ಅಂಗಡಿಗಳನ್ನು ಶೋಧಿಸಿ ಪರವಾನಗಿಯಿಲ್ಲದ ಲೇಪಗಳನ್ನು ವಶಪಡಿಸಿಕೊಂಡಿತು.

ಇಷ್ಟು ಸಾಮಗ್ರಿಯ ಮಾತಾಯಿತು. ಆದರೆ ಬಣ್ಣವು ತಾನಾಗಿ ನಡೆದುಹೋಗಿ ರೆಪ್ಪೆಯ ಮೇಲೆ ಕೂರುವುದಿಲ್ಲ. ಒಂದು ಕೈ ಅದನ್ನು ಹಚ್ಚುತ್ತದೆ. ಆ ಕೈ ಏನು ಕಲಿತಿದೆ, ಅದು ಹಿಡಿದ ಕತ್ತರಿ ಎಷ್ಟು ಶುದ್ಧವಾಗಿದೆ ಎಂಬುದು ಬೇರೆಯೇ ಪ್ರಶ್ನೆ. ಶಾಸನಗಳು ಇದಕ್ಕೆ ಒಂದೇ ಬಗೆಯ ಉತ್ತರ ಕೊಟ್ಟಿಲ್ಲ.

ಇದು ಹೊಸ ಪ್ರಶ್ನೆಯೂ ಅಲ್ಲ. ಹಿಂದೆ ನಮ್ಮ ಹಳ್ಳಿಗಳಲ್ಲಿ ಕ್ಷೌರಿಕನು ಕುರು ಕೊಯ್ಯುವ, ಮುಳ್ಳು ತೆಗೆಯುವ ಸಣ್ಣಪುಟ್ಟ ಚಿಕಿತ್ಸಕನೂ ಆಗಿದ್ದನು. ಯುರೋಪಿನಲ್ಲಿಯೂ ಹಾಗೆಯೇ. ಇಂಗ್ಲೆಂಡಿನಲ್ಲಿ 1540ರಲ್ಲಿ ಕ್ಷೌರಿಕರದೂ ಶಸ್ತ್ರವೈದ್ಯರದೂ ಒಂದೇ ಸಂಘವಾಗಿ, ಅವರವರ ಕೆಲಸದ ಎಲ್ಲೆಗಳನ್ನು ಗೊತ್ತುಪಡಿಸಲಾಯಿತು. 1745ರಲ್ಲಿ ಎರಡು ವೃತ್ತಿಗಳೂ ಬೇರ್ಪಟ್ಟುವು. ಅಂದಿನಿಂದ ಶಸ್ತ್ರವೈದ್ಯನ ಶಿಕ್ಷಣವು ಬೆಳೆಯುತ್ತ ಹೋಯಿತು. ಕ್ಷೌರಿಕನನ್ನು ಮಾತ್ರ ಲೋಕವು ಅವನ ಪಾಡಿಗೆ ಬಿಟ್ಟಿತು, ಅವನ ಕತ್ತಿಯೂ ರಕ್ತವನ್ನು ಮುಟ್ಟುತ್ತದೆಂಬುದನ್ನು ಮರೆತು.

ಕಾಮಾಲೆಯನ್ನು ತರುವ ಹೆಪಟೈಟಿಸ್ ‘ಬಿ’ ವೈರಾಣುವು ಶರೀರದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿಯೂ, ಏಳು ದಿನಗಳವರೆಗೆ ಜೀವಂತವಾಗಿ ಉಳಿಯಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು. ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕುವ ವಾಡಿಕೆ ಈಗ ಬಹುಪಾಲು ಅಂಗಡಿಗಳಲ್ಲಿ ಬಂದಿರುವುದು ಸಂತೋಷದ ಸಂಗತಿ. ಆದರೆ ಕ್ಷೌರ ಮುಗಿದ ಮೇಲೆ, ಗಾಯದ ಉರಿ ಆರಲೆಂದು, ಎಲ್ಲರ ಗಲ್ಲಕ್ಕೂ ಉಜ್ಜುವ ಪಟಿಕದ ಗಟ್ಟಿ ಒಂದೇ! ಬ್ಲೇಡಿನಿಂದ ತಪ್ಪಿಸಿಕೊಂಡ ರಕ್ತವು ಪಟಿಕದ ಮೂಲಕ ಮುಂದಿನವನನ್ನು ಮುಟ್ಟಬಾರದೆಂದೇನಿದೆ? ಬಾಚಣಿಗೆ, ಕತ್ತರಿಗಳನ್ನು ನಂಜುನಿವಾರಕ ದ್ರಾವಣದಲ್ಲಿ ಒಮ್ಮೆ ಅದ್ದಿ ತೆಗೆದರೆ ಶುದ್ಧವಾಯಿತೆಂಬ ನಂಬಿಕೆಯೂ ಸರಿಯಲ್ಲ. ಕೂದಲು, ಸಾಬೂನು, ರಕ್ತದ ಕಣಗಳು ಅಂಟಿಕೊಂಡಿದ್ದರೆ ದ್ರಾವಣದ ಶಕ್ತಿ ಕುಂದುತ್ತದೆ. ಆದುದರಿಂದ ಮೊದಲು ತೊಳೆಯಬೇಕು, ಬಳಿಕ ಮುಳುಗಿಸಬೇಕು, ದ್ರಾವಣದ ಸೀಸೆಯ ಮೇಲೆ ಹೇಳಿದಷ್ಟು ಹೊತ್ತು ಮುಳುಗಿಸಿಯೇ ಇಡಬೇಕು. ಕೊಳೆ ತೊಳೆಯುವುದು ಬೇರೆ, ರೋಗಾಣುಗಳನ್ನು ಕೊಲ್ಲುವುದು ಬೇರೆ ಎಂಬ ಈ ಒಂದು ಭೇದವನ್ನು ತಿಳಿಸಲು ಹೆಚ್ಚು ಕಾಲ ಬೇಡ. ಆದರೆ ಯಾರಾದರೂ ತಿಳಿಸಬೇಕು.

ಅದನ್ನು ತಿಳಿಸದೆ ಹೋದರೆ ಏನಾಗುವುದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಒಂದು ಘಟನೆಯು ಒಳ್ಳೆಯ ನಿದರ್ಶನ. ಅಮೆರಿಕದ ಆ ರಾಜ್ಯದಲ್ಲಿ ಉಗುರು, ಕೂದಲು, ಚರ್ಮಗಳ ಅಲಂಕಾರಕ್ಕೆ ಪರವಾನಗಿ ಕಡ್ಡಾಯ. ಶಿಕ್ಷಣದ ಗಂಟೆಗಳೂ ಪರೀಕ್ಷೆಯೂ ಉಂಟು. ಹೀಗಿದ್ದೂ 2000ನೆಯ ಇಸವಿಯಲ್ಲಿ ಅಲ್ಲಿಯ ಒಂದು ಊರಿನ ವೈದ್ಯರ ಬಳಿಗೆ ಮೊಣಕಾಲಿನ ಕೆಳಗೆ ಕುರುಗಳೆದ್ದ ಹೆಂಗಸರು ಒಬ್ಬರ ಹಿಂದೊಬ್ಬರಂತೆ ಬರತೊಡಗಿದರು. ಸಾಮಾನ್ಯ ಔಷಧಗಳಿಗೆ ಆ ಕುರುಗಳು ಬಗ್ಗಲಿಲ್ಲ. ವಿಚಾರಿಸುತ್ತ ಹೋದಾಗ ಅವರೆಲ್ಲರೂ ಒಂದೇ ಸೌಂದರ್ಯಗೃಹದಲ್ಲಿ ಪಾದಗಳಿಗೆ ಉಪಚಾರ ಮಾಡಿಸಿಕೊಂಡವರೆಂದು ತಿಳಿಯಿತು. ಹೀಗೆ ಬಾಧೆಗೊಳಗಾದವರ ಸಂಖ್ಯೆ 110.

ಆ ಸೌಂದರ್ಯಗೃಹದಲ್ಲಿ ಬೆಚ್ಚನೆಯ ನೀರು ಸುಳಿಸುಳಿಯಾಗಿ ತಿರುಗುವ ಹತ್ತು ಪಾದತೊಟ್ಟಿಗಳಿದ್ದುವು. ನೋಡುವುದಕ್ಕೆ ತೊಟ್ಟಿಗಳು ಥಳಥಳನೆ ಹೊಳೆಯುತ್ತಿದ್ದುವು. ತನಿಖೆಗೆ ಬಂದ ತಜ್ಞರು ನೀರನ್ನು ಒಳಗೆಳೆದುಕೊಳ್ಳುವ ರಂಧ್ರದ ಜಾಲರಿಯನ್ನು ಬಿಚ್ಚಿಸಿ ನೋಡಿದರು. ಅದರ ಹಿಂದೆ ಕೂದಲು ಮತ್ತು ಚರ್ಮದ ಹೊಟ್ಟು ಮೆತ್ತಿಕೊಂಡು ಸೇರಿತ್ತು. ಅದರಲ್ಲಿ ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್ ಎಂಬ ರೋಗಾಣುವು ಸೊಂಪಾಗಿ ಬೆಳೆದಿತ್ತು. ಹತ್ತು ತೊಟ್ಟಿಗಳಲ್ಲಿಯೂ ಅದು ಸಿಕ್ಕಿತು. ಇದು ಕ್ಷಯ, ಕುಷ್ಠ ರೋಗಗಳ ಅಣುಗಳ ದೂರದ ಸಂಬಂಧಿ. ಮಣ್ಣಿನಲ್ಲಿಯೂ ನಲ್ಲಿಯ ನೀರಿನಲ್ಲಿಯೂ ಸಾಮಾನ್ಯವಾಗಿ ಇರುವಂಥದು. ಅಷ್ಟರಿಂದ ಯಾರಿಗೂ ಕೇಡಿಲ್ಲ. ಆದರೆ ಕೂದಲ ರಾಶಿಯಲ್ಲಿ ಬೆಳೆದು ಕೋಟಿಗಟ್ಟಲೆಯಾಗಿ ನೀರಿನಲ್ಲಿ ಸುತ್ತುತ್ತಿರುವಾಗ, ಬ್ಲೇಡಿನಿಂದ ಆಗತಾನೆ ಕೂದಲು ಬೋಳಿಸಿಕೊಂಡ ಕಾಲನ್ನು ಅದರಲ್ಲಿ ಇಟ್ಟರೆ ಸಣ್ಣ ಗೀರುಗಳ ಮೂಲಕ ಒಳಹೊಗುತ್ತದೆ. ಕಾಲು ಬೋಳಿಸಿಕೊಂಡು ಬಂದವರಲ್ಲಿಯೇ ಕುರುಗಳು ಹೆಚ್ಚಾಗಿ ಕಂಡುದು ಇದಕ್ಕಾಗಿ. ಹಲವರಿಗೆ ವಾಸಿಯಾಗಲು ತಿಂಗಳುಗಳೇ ಹಿಡಿದುವು. ಕಲೆಗಳು ಹಾಗೆಯೇ ಉಳಿದುವು.

ಆ ಕೆಲಸಗಾರರು ಸೋಮಾರಿಗಳೆಂದು ಹೇಳಲಾಗದು. ಕಾಣುವ ಭಾಗವನ್ನು ಅವರು ತೊಳೆಯುತ್ತಲೇ ಇದ್ದರು. ಜಾಲರಿಯನ್ನು ಬಿಚ್ಚಬೇಕೆಂಬ ವಿಧಿ ಆಗ ಇರಲಿಲ್ಲ. ಆ ಬಳಿಕ ಕ್ಯಾಲಿಫೋರ್ನಿಯಾವು ಪಾದತೊಟ್ಟಿಗಳಿಗಾಗಿಯೇ ನಿಯಮಗಳನ್ನು ರಚಿಸಿತು. ಒಬ್ಬೊಬ್ಬರ ಉಪಚಾರವಾದ ಮೇಲೂ ತೊಟ್ಟಿಯನ್ನು ಬರಿದುಮಾಡಿ ಶುದ್ಧಿಗೊಳಿಸಬೇಕು; ಜಾಲರಿಯನ್ನು ಬಿಚ್ಚಿ ಅದರ ಹಿಂದಿನ ಕಸವನ್ನು ತೆಗೆಯಬೇಕು; ಮಾಡಿದುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಎಲ್ಲಿ ಕೈಯಿಡಬೇಕೆಂದು ಹೇಳುವ ಇಂತಹ ಕಟ್ಟಳೆಗೆ ಬೆಲೆಯಿದೆ.

ಶುಚಿತ್ವದಷ್ಟೇ ಮುಖ್ಯವಾದುದು ಶರೀರದ ತಿಳಿವಳಿಕೆ. 1993ರಲ್ಲಿ ಅಮೆರಿಕದ ವೈದ್ಯರೊಬ್ಬರು, ತಲೆ ತೊಳೆಸಿಕೊಳ್ಳಲು ಕತ್ತನ್ನು ಹಿಂದಕ್ಕೆ ಬಗ್ಗಿಸಿ ಬೋಗುಣಿಯ ಅಂಚಿನ ಮೇಲೆ ಇಟ್ಟ ಐವರು ವಯಸ್ಸಾದ ಮಹಿಳೆಯರಿಗೆ ತಲೆಸುತ್ತು, ನಿಶ್ಶಕ್ತಿ ಮೊದಲಾದ ನರಸಂಬಂಧದ ತೊಂದರೆಗಳಾದುದನ್ನು ವರದಿಮಾಡಿದರು. ಕತ್ತಿನ ಮೂಳೆಗಳ ನಡುವೆ ಮೆದುಳಿಗೆ ರಕ್ತವನ್ನು ಒಯ್ಯುವ ನಾಳಗಳಿವೆ. ಕತ್ತು ಅತಿಯಾಗಿ ಹಿಂದಕ್ಕೆ ಬಾಗಿದರೆ ಅವು ಅದುಮಿಹೋಗಬಹುದು ಅಥವಾ ಹರಿಯಬಹುದು. ಅಂಚಿನ ಮೇಲೆ ಒಂದು ಮಡಿಸಿದ ಟವೆಲನ್ನು ಇಟ್ಟು, ಹೆಚ್ಚು ಹೊತ್ತು ಹಾಗೆ ಮಲಗಿಸದಿದ್ದರೆ ಅಪಾಯ ಬಹಳ ಕಡಮೆ. ನಮ್ಮ ಕ್ಷೌರದಂಗಡಿಗಳಲ್ಲಿ ತಲೆಗೆ ಎಣ್ಣೆ ತಟ್ಟಿದ ಮೇಲೆ ಕತ್ತನ್ನು ಒಮ್ಮೆಲೆ ಎಡಬಲಕ್ಕೆ ತಿರುವಿ ‘ಲಟಿಕೆ’ ತೆಗೆಯುವ ಪದ್ಧತಿಯಂತೂ ಇನ್ನೂ ಅಪಾಯಕರ. ಹಾಗೆ ಕತ್ತು ತಿರುವಿಸಿಕೊಂಡ ಯುವಕನೊಬ್ಬನ ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ತಗಲಿದುದನ್ನು 2024ರಲ್ಲಿ ಬೆಂಗಳೂರಿನ ವೈದ್ಯರು ತಿಳಿಸಿದರು. ತಿರುವಿದವನು ಮಾಡಿದ್ದು ಉಪಕಾರಬುದ್ಧಿಯಿಂದಲೇ, ಹೆಚ್ಚಿನ ಹಣವನ್ನೂ ಕೇಳದೆ.

ಕೆಲಸಮಾಡುವವರ ಆರೋಗ್ಯದ ಸುದ್ದಿಯನ್ನು ಎತ್ತುವವರೇ ಕಡಮೆ. ಗಿರಾಕಿಯು ತಿಂಗಳಿಗೊಮ್ಮೆ ಬಣ್ಣದ ಎದುರು ಕುಳಿತರೆ, ಬಣ್ಣ ಹಚ್ಚುವವಳು ದಿನವೆಲ್ಲ ಅದರೊಡನೆ ನಿಂತಿರುತ್ತಾಳೆ. ಬೆರಳಸಂದಿಗಳಲ್ಲಿ ಇಸುಬು ಆಗಿ ವೃತ್ತಿಯನ್ನೇ ಬಿಟ್ಟವರುಂಟು. ಕೂದಲನ್ನು ನೇರಗೊಳಿಸುವ ಕೆಲವು ದ್ರವಗಳನ್ನು ಬಿಸಿಮಾಡಿದಾಗ ಫಾರ್ಮಾಲ್ಡಿಹೈಡ್ ಅನಿಲವು ಹೊರಡುತ್ತದೆ. ಅದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ನಿರ್ಣಯಿಸಿದೆ. ಕೂದಲ ವೃತ್ತಿಯಲ್ಲಿರುವವರು ದಿನನಿತ್ಯ ಎದುರಿಸುವ ರಾಸಾಯನಿಕಗಳ ಒಟ್ಟು ಸಂಪರ್ಕವೂ ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗಕ್ಕೆ ಅದೇ ಸಂಸ್ಥೆಯು ಸೇರಿಸಿದೆ. ಕೈಗವಸು, ಗಾಳಿಯಾಡುವ ಕಿಟಕಿ, ಹೊಗೆಯನ್ನು ಹೊರದೂಡುವ ಪಂಖ ಇವು ಆಡಂಬರಗಳಲ್ಲ. ಗಾಜಿನ ಬಾಗಿಲು ಮುಚ್ಚಿ ತಂಪುಯಂತ್ರ ಹಾಕಿದ ಕೋಣೆಯಲ್ಲಿ ಇವುಗಳ ನೆನಪೇ ಆಗುವುದಿಲ್ಲ.

ಹಾಗಾದರೆ ಈ ವೃತ್ತಿಗೆ ಬರುವವರೆಲ್ಲರೂ ವರ್ಷಗಟ್ಟಲೆ ಓದಿ ಪರವಾನಗಿ ಪಡೆಯಲೇಬೇಕೆಂದು ವಿಧಿಸಿಬಿಡಬಹುದಲ್ಲ ಎನಿಸಬಹುದು. ಜರ್ಮನಿಯಲ್ಲಿ ಕೂದಲ ವೃತ್ತಿಗೆ ಮೂರು ವರ್ಷದ ಶಿಕ್ಷಣವುಂಟು. ಸ್ವಂತ ಅಂಗಡಿ ತೆರೆಯಲು ಸಾಮಾನ್ಯವಾಗಿ ಅದರ ಮೇಲಿನ ಪಂಡಿತ ಪರೀಕ್ಷೆಯೂ ಬೇಕು. ಇಂಗ್ಲೆಂಡಿನಲ್ಲಿ ಅದೇ ವೃತ್ತಿಗೆ ಪರವಾನಗಿಯೇ ಕಡ್ಡಾಯವಲ್ಲ. 1964ರ ಕಾನೂನಿನ ನೋಂದಣಿಯು ಇಚ್ಛೆಗೆ ಬಿಟ್ಟದ್ದು. ಆದರೆ ಸೂಜಿಯ ವಿಷಯದಲ್ಲಿ ಇಂಗ್ಲೆಂಡು ಬಿಗಿಯಾಗುತ್ತಿದೆ. ತುಟಿ ಉಬ್ಬಿಸುವ, ಸುಕ್ಕು ಅಳಿಸುವ ಚುಚ್ಚುಮದ್ದುಗಳನ್ನು ಅಲಂಕಾರಕ್ಕಾಗಿ 18 ವರ್ಷ ತುಂಬದವರಿಗೆ ಚುಚ್ಚುವುದು ಅಲ್ಲಿ 2021ರಿಂದ ಅಪರಾಧ. ಅಪಾಯವಿದ್ದಷ್ಟು ಮಾತ್ರ ಬಿಗಿ ಎಂಬ ಈ ರೀತಿಯಲ್ಲಿ ವಿವೇಕವಿದೆ. ಅಪಾಯಕ್ಕೆ ಸಂಬಂಧವಿಲ್ಲದ ಬಿಗಿಯು ಏನು ಮಾಡುತ್ತದೆಂಬುದು ಭಾರತೀಯರಿಗೆ ಪರಿಚಿತವಾದ ಒಂದು ಹತ್ತಿಯ ದಾರದ ಪ್ರಸಂಗದಿಂದ ತಿಳಿಯುತ್ತದೆ.

ದಾರದ ಎಳೆಯನ್ನು ಹೆಣೆದು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬೆರಳುಗಳಿಂದ ಸರಸರನೆ ಆಡಿಸಿ ಹುಬ್ಬಿನ ಅಂಚಿನ ಕೂದಲನ್ನು ಕೀಳುವ ವಿದ್ಯೆಯನ್ನು ನಮ್ಮ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ದಕ್ಷಿಣ ಏಷ್ಯದಿಂದ ಹೋಗಿ ನೆಲೆಸಿದವರ ಮೂಲಕ ಈ ವಿದ್ಯೆಯು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿಯೂ ಹಬ್ಬಿತು. ಅಲ್ಲಿಯ ಅಧಿಕಾರಿಗಳು, ದಾರ ಹಿಡಿಯುವವರು ಚರ್ಮಪ್ರಸಾಧನದ ಪರವಾನಗಿಯನ್ನು ಪಡೆಯಬೇಕೆಂದೂ ಅದಕ್ಕಾಗಿ 750 ಗಂಟೆ ಶಿಕ್ಷಣ ಪಡೆದು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕೆಂದೂ ಪಟ್ಟು ಹಿಡಿದರು. ಸೋಜಿಗವೆಂದರೆ ಆ ಶಿಕ್ಷಣದಲ್ಲಿ ದಾರದ ವಿದ್ಯೆಯನ್ನು ಕಲಿಸಲೇಬೇಕೆಂಬ ನಿಯಮವಿರಲಿಲ್ಲ. ಪರೀಕ್ಷೆಯಲ್ಲಿ ಅದನ್ನು ಕೇಳುತ್ತಿರಲೂ ಇಲ್ಲ. ತಾಯಿಯಿಂದ ಕಲಿತ ಕೆಲಸವನ್ನು ಮಾಡಲು, ಎಂದೂ ಬಳಸದ ಲೇಪ, ಯಂತ್ರಗಳ ಪಾಠವನ್ನು ಹಣ ತೆತ್ತು ಕೇಳಬೇಕಾಗಿತ್ತು.

ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಸರಕಾರದ ವಾದವೂ ಪೊಳ್ಳಾಗಿರಲಿಲ್ಲ. ದಾರದಿಂದ ಚರ್ಮದ ಮೇಲೆ ಸಣ್ಣ ಗಾಯಗಳಾಗಬಹುದು. ಕೈ ತೊಳೆಯದೆ, ಒಂದೇ ದಾರವನ್ನು ಇಬ್ಬರಿಗೆ ಬಳಸಿದರೆ ಸೋಂಕು ಹರಡಬಹುದು. ದಾರ ಹಿಡಿಸಿಕೊಂಡ ಮೇಲೆ ಹುಬ್ಬಿನ ಸಾಲಿನಲ್ಲಿಯೇ ನರಹುಲಿಗಳು ಎದ್ದುದನ್ನು ವೈದ್ಯರೂ ದಾಖಲಿಸಿದ್ದಾರೆ. 2015ರಲ್ಲಿ ಟೆಕ್ಸಸ್ಸಿನ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. 750 ಗಂಟೆಗಳಲ್ಲಿ 320ರಷ್ಟು ಗಂಟೆಗಳಿಗೂ ದಾರದ ಕೆಲಸದ ಸುರಕ್ಷತೆಗೂ ಸಂಬಂಧವಿಲ್ಲವೆಂಬುದು ವಿಚಾರಣೆಯಲ್ಲಿ ಹೊರಬಿದ್ದಿತ್ತು. ಇಂತಹ ಹೊರೆಯನ್ನು ಹೇರುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ಆರು ಮಂದಿ ನ್ಯಾಯಮೂರ್ತಿಗಳು ಹೇಳಿದರು. ಮೂವರು ಒಪ್ಪಲಿಲ್ಲ. ಎಷ್ಟು ಗಂಟೆ ಕಲಿಯಬೇಕೆಂಬುದನ್ನು ಅಳೆಯುವುದು ಶಾಸಕರ ಕೆಲಸ, ನ್ಯಾಯಾಧೀಶರದಲ್ಲ ಎಂಬುದು ಅವರ ನಿಲುವು. ಈ ಭಿನ್ನಾಭಿಪ್ರಾಯವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಕೈ ತೊಳೆಯುವುದನ್ನು ಕಲಿಸಲು 750 ಗಂಟೆ ಬೇಡವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಕಟ್ಟಳೆಯು ಬೇಲಿಯಾಗುವುದಕ್ಕೆ ನಮ್ಮ ದೇಶದಲ್ಲಿಯೂ ಉದಾಹರಣೆಯಿದೆ. ಚಲನಚಿತ್ರರಂಗದ ಪ್ರಸಾಧನಕಾರರ ಸಂಘವೊಂದು ಬಣ್ಣ ಹಚ್ಚುವ ಕೆಲಸಕ್ಕೆ ಗಂಡಸರನ್ನೂ ಕೂದಲ ಕೆಲಸಕ್ಕೆ ಹೆಂಗಸರನ್ನೂ ಮಾತ್ರ ಸದಸ್ಯರಾಗಿ ತೆಗೆದುಕೊಳ್ಳುತ್ತಿತ್ತು. ವಿದೇಶದಲ್ಲಿ ಪ್ರಸಾಧನಕಲೆಯನ್ನು ಕಲಿತು ಬಂದ ಮಹಿಳೆಗೂ ಬಾಗಿಲು ತೆರೆಯಲಿಲ್ಲ. 2014ರ ನವೆಂಬರಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಆ ನಿಯಮವನ್ನು ತೆಗೆದುಹಾಕಿಸಿತು. ಯಾರ ಚರ್ಮವನ್ನೂ ಕಾಪಾಡದ ಕಟ್ಟಳೆ ಅದು. ಕಾಪಾಡುತ್ತಿದ್ದುದು ಕೆಲವರ ಕೂಲಿಯನ್ನು ಮಾತ್ರ.

ಕರ್ನಾಟಕದ ಸ್ಥಿತಿ ಇವೆರಡಕ್ಕಿಂತಲೂ ಬೇರೆ. ಇಲ್ಲಿ ಬಾಗಿಲು ಅತಿಯಾಗಿ ಬಿಗಿದಿಲ್ಲ, ಬಾಗಿಲೇ ಇಲ್ಲವೆನ್ನಬಹುದು. ಸೆಲೂನನ್ನೋ ಬ್ಯೂಟಿ ಪಾರ್ಲರನ್ನೋ ತೆರೆಯುವವರು ನಗರಸಭೆಯಿಂದ ಉದ್ದಿಮೆ ಪರವಾನಗಿ ಪಡೆಯಬೇಕು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಅಧಿನಿಯಮದಂತೆ ನೋಂದಾಯಿಸಿಕೊಳ್ಳಬೇಕು. ಈ ಪತ್ರಗಳು ಕೊಡುವುದು ಅಂಗಡಿಗೆ ಒಪ್ಪಿಗೆಯನ್ನು. ಕತ್ತರಿ ಹಿಡಿದವರು ಏನನ್ನು ಕಲಿತಿದ್ದಾರೆಂದು ಕೇಳುವ ಕಡ್ಡಾಯ ಪರವಾನಗಿಯು ವೈದ್ಯರಿಗೂ ದಾದಿಯರಿಗೂ ಇರುವಂತೆ ಈ ವೃತ್ತಿಗೆ ಇಲ್ಲ. ಕಲಿಯುವ ಇಚ್ಛೆಯುಳ್ಳವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಸೌಂದರ್ಯಶಾಸ್ತ್ರದ ಒಂದು ವರ್ಷದ ತರಬೇತಿಯುಂಟು. ಕೌಶಲ ಯೋಜನೆಗಳಡಿ ಕಿರುಅವಧಿಯ ಶಿಕ್ಷಣವೂ ಉಂಟು. ಆದರೆ ಒಂದು ವರ್ಷ ಓದಿದವಳೂ ಒಂದು ವಾರ ನೋಡಿ ಕಲಿತವಳೂ ಅಕ್ಕಪಕ್ಕದಲ್ಲಿ ಫಲಕ ಹಾಕಬಹುದು. ಗೋಡೆಯಲ್ಲಿ ತೂಗುಹಾಕಿದ ಚೌಕಟ್ಟಿನೊಳಗಿನ ಪ್ರಮಾಣಪತ್ರವನ್ನು ಯಾರು ಕೊಟ್ಟರೆಂದು ಗಿರಾಕಿಯು ನೋಡುವುದೂ ಇಲ್ಲ.

ಹಾಗೆಂದು ಟೆಕ್ಸಸ್ಸಿನ ಗಂಟೆಗಳನ್ನು ಇಲ್ಲಿ ತಂದು ಹೇರಿದರೆ ಏನಾದೀತು? 2020ರ ಮೇ ತಿಂಗಳಿನಲ್ಲಿ, ಕೋವಿಡ್ ಪಿಡುಗಿನಿಂದ ಅಂಗಡಿಗಳು ಮುಚ್ಚಿದಾಗ, ರಾಜ್ಯ ಸರಕಾರವು ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ನೆರವನ್ನು ಘೋಷಿಸಿತು. ಒಂದು ವೃತ್ತಿಯೊಂದರಲ್ಲಿಯೇ ಇಷ್ಟು ಮಂದಿ! ಅವರಲ್ಲಿ ಬಹುಪಾಲು ಜನರು ತಂದೆಯ ಕುರ್ಚಿಯ ಪಕ್ಕದಲ್ಲಿ ನಿಂತು ಕಲಿತವರು. ಮನೆಯ ಮುಂದಿನ ಕೋಣೆಯಲ್ಲಿ ಪಾರ್ಲರ್ ನಡೆಸಿ ಮಕ್ಕಳ ಶಾಲೆಯ ಶುಲ್ಕವನ್ನು ಹೊಂದಿಸುವ ಹೆಂಗಸರೂ ಅಸಂಖ್ಯ. ನಾಳೆಯಿಂದ ಒಂದು ವರ್ಷದ ಪ್ರಮಾಣಪತ್ರವಿಲ್ಲದೆ ಕತ್ತರಿ ಮುಟ್ಟಬಾರದೆಂದರೆ ಅವರ ಒಲೆ ಆರುತ್ತದೆ. ಇಲ್ಲವೆ ಸುಳ್ಳು ಪ್ರಮಾಣಪತ್ರಗಳ ಸಂತೆ ತೆರೆಯುತ್ತದೆ. ಇದಕ್ಕೆ ನಡುದಾರಿಯೊಂದಿದೆ. ರೂಢಿಯಿಂದ ಕಲಿತವರನ್ನು ಪರೀಕ್ಷಿಸಿ, ಕೊರತೆಯಿರುವುದನ್ನಷ್ಟೇ ಕಲಿಸಿ ಪ್ರಮಾಣಪತ್ರ ನೀಡುವ ಈ ವ್ಯವಸ್ಥೆಗೆ ಪೂರ್ವಕಲಿಕೆಯ ಮಾನ್ಯತೆಯೆಂದು ಹೆಸರು. ಕೌಶಲ ಯೋಜನೆಗಳಲ್ಲಿ ಅದಕ್ಕೆ ಆಗಲೇ ಸ್ಥಾನವಿದೆ. ಮುಖದ ಕೂದಲನ್ನು ನವಿರಾಗಿ ತೆಗೆಯುವುದನ್ನು ಮೂವತ್ತು ವರ್ಷದ ಅನುಭವಿಗೆ ಯಾರೂ ಕಲಿಸಬೇಕಾಗಿಲ್ಲ. ಪಟಿಕದ ಗಟ್ಟಿಯನ್ನು ಏಕೆ ಬಿಡಬೇಕು, ಕತ್ತನ್ನು ಏಕೆ ತಿರುವಬಾರದು, ಬಣ್ಣ ಹಚ್ಚುವ ಮುನ್ನ ಏನನ್ನು ಕೇಳಬೇಕು ಎಂಬುದಿಷ್ಟೇ ಅವರಿಗೆ ಬೇಕಾದ ಪಾಠ. ಲೇಸರು, ಸೂಜಿ, ತೀಕ್ಷ್ಣ ಆಮ್ಲಗಳ ಲೇಪ ಇವುಗಳ ಮಾತು ಬೇರೆ. ಅಲ್ಲಿ ಚರ್ಮದ ಆಳಕ್ಕೆ ಕೈಹೋಗುವುದರಿಂದ ವೈದ್ಯರ ಹೊಣೆಯಿಲ್ಲದೆ ಬಿಡುವುದು ಸಲ್ಲದು.

ಕಲಿಸುವುದರ ಜೊತೆಗೆ ಬಂದು ನೋಡುವವರೂ ಬೇಕು. ಹೋಟೆಲಿನ ಅಡುಗೆಮನೆಯನ್ನು ನೋಡಲು ಅಧಿಕಾರಿಗಳಿದ್ದಾರೆ. ಪಾರ್ಲರಿನ ಕತ್ತರಿ ಯಾವ ನೀರಿನಲ್ಲಿ ಎಷ್ಟು ಹೊತ್ತು ಮುಳುಗಿತ್ತೆಂದು ಕೇಳುವುದೇ ತಮ್ಮ ಕೆಲಸವೆಂದುಕೊಂಡವರು ಅಪರೂಪ.

ಅಲ್ಲಿಯವರೆಗೆ ಎಚ್ಚರಿಕೆಯ ಹೊರೆಯೆಲ್ಲ ಪೊಟ್ಟಣದ ಹಿಂಬದಿಯ ಆ ಚಿಕ್ಕ ಅಕ್ಷರಗಳ ಮೇಲೆಯೇ ಬಿದ್ದಿದೆ. ಪಾರ್ಲರಿಗೆ ಹೋದವರಿಗೆ ಅವೂ ಕಾಣಿಸುವುದಿಲ್ಲ. ಬಣ್ಣವನ್ನು ಬಟ್ಟಲಿಗೆ ಸುರಿದ ಮೇಲೆ ಪೊಟ್ಟಣವು ಕಸದ ಬುಟ್ಟಿಗೆ ಹೋಗಿರುತ್ತದೆ. ಮದುವೆಯ ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತವರನ್ನು 24 ಗಂಟೆ ಕಾಯಿರೆಂದರೆ ಅವರು ಪಕ್ಕದ ಅಂಗಡಿಗೆ ಎದ್ದುಹೋಗುತ್ತಾರೆ. ಆದರೂ ಹಿಂದಿನ ದಿನವೇ ಬರಹೇಳಿ, ಕಿವಿಯ ಹಿಂದೆ ಬಣ್ಣದ ಒಂದು ಬೊಟ್ಟಿಟ್ಟು, ನಾಳೆ ಬನ್ನಿರೆಂದು ಕಳುಹಿಸುವ ಕೆಲವರು ಈ ವೃತ್ತಿಯಲ್ಲಿ ಇದ್ದಾರೆ.